ಕಟ್ಟಿಗೆ ಕೊಯ್ಯುವ ಯಂತ್ರ ಕೊಳ್ಳುವ ಮುನ್ನ



ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದು ಎಲ್ಲರೂ ದೇವಾಲಯದ ಅಂಗಳದಲ್ಲಿ ಮಾತನಾಡುತ್ತಾ ನಿಂತಿದ್ದಾಗ ಜಹೀರಾಬಾದ್ ಕಡೆಯ ರೈತರೊಬ್ಬರು ಹತ್ತಿರ ಬಂದು, “ಅಣ್ಣಾ, ಕಟಗಿ ಕೊಯ್ಯೂ ಮಷೀನ್ ತರಬೇಕಂತ ಮಾಡೀನಿ. ಯಾವ ಕಂಪನೀದು ಛಲೋ ಅದ, ಹೇಳ್ರಿ” ಎಂದು ಕೇಳಿದರು.

“ಹೋದ ವರ್ಷವೇ ಒಂದು ತಂದಿದ್ರೆಲ್ಲ?” ಎಂದೆ.

“ತಂದಿದ್ದೆ. ಎರಡು ತಿಂಗಳು ಓಡ್ತು. ಕ್ಲಚ್ ಹೋತು. ಆ ಸಾಮಾನು ಇಲ್ಲೂ ಸಿಗಲಿಲ್ಲ, ಬೀದರದಾಗೂ ಸಿಗಲಿಲ್ಲ. ಈಗ ಕೊಟಗ್ಯಾಗ ಬಿದ್ದದ.”

ಪಕ್ಕದಲ್ಲಿ ನಿಂತಿದ್ದ ಅವರ ತಮ್ಮ ಸುಮ್ಮನೆ ತನ್ನ ಎಡ ಮೊಣಕಾಲನ್ನು ಮುಟ್ಟಿ ನೋಡಿಕೊಂಡರು. ಆ ಯಂತ್ರದ ಬ್ರೇಕಿನ ಹಿಡಿಕೆ ಮೊದಲ ವಾರದಲ್ಲೇ ಮುರಿದಿತ್ತಂತೆ. ಕೊಯ್ಯುವುದು ನಿಂತಿಲ್ಲವಲ್ಲ ಎಂದು ಹಾಗೆಯೇ ಓಡಿಸಿದರಂತೆ. ಮೊಣಕಾಲಿನ ಮೇಲಿನ ಗಾಯಕ್ಕೆ ಒಂಬತ್ತು ಹೊಲಿಗೆ ಬಿದ್ದವು. ಇನ್ನೊಂದು ಬೆರಳಿನಷ್ಟು ಆಳಕ್ಕೆ ಹೋಗಿದ್ದರೆ ಕಾಲೇ ಹೋಗುತ್ತಿತ್ತು ಎಂದು ವೈದ್ಯರು ಹೇಳಿದರಂತೆ.

ಅವರ ಪ್ರಶ್ನೆಗೆ ಅಂಗಳದಲ್ಲಿ ನಿಂತು ಒಂದೇ ಮಾತಿನಲ್ಲಿ ಉತ್ತರಿಸಲು ಆಗಲಿಲ್ಲ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ನಮ್ಮ ಅನೇಕ ಕುಟುಂಬಗಳಲ್ಲಿ ಇದೇ ವಿಚಾರ ನಡೆದಿರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. “ಯಾವ ಕಂಪನಿ ಒಳ್ಳೆಯದು?” ಎಂಬುದು ಮೊದಲ ಪ್ರಶ್ನೆಯಲ್ಲ. ಮೊದಲು ಕೇಳಬೇಕಾದವು ಮೂರು: ಕೆಟ್ಟರೆ ಇದನ್ನು ನನ್ನ ಊರಿನ ಹತ್ತಿರ ಯಾರು ರಿಪೇರಿ ಮಾಡುತ್ತಾರೆ? ಬಿಡಿಭಾಗ ಎರಡು ದಿನದಲ್ಲಿ ಸಿಗುತ್ತದೆಯೇ? ಕೈ ಜಾರಿದರೆ ಚೈನು ತಾನಾಗಿ ನಿಲ್ಲುತ್ತದೆಯೇ? ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ಯಂತ್ರವೇ ನಂಬಿಕೆಯ ಯಂತ್ರ.

ನಿಮಗೆ ಸ್ವಂತ ಯಂತ್ರ ಬೇಕೇ?

ಗ್ಯಾಸ್ ಸಿಲಿಂಡರ್ ಮನೆಗೆ ಬಂದರೂ ನಮ್ಮಲ್ಲಿ ಸ್ನಾನದ ನೀರು ಕಾಯುವುದು, ಜೋಳದ ರೊಟ್ಟಿ ಬೇಯುವುದು ಇನ್ನೂ ಕಟ್ಟಿಗೆ ಒಲೆಯ ಮೇಲೆಯೇ. ಆದರೆ ಒಲೆಗೆ ಬೇಕಾದುದರಲ್ಲಿ ಬಹುಪಾಲು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ಅದಕ್ಕೆ ಯಂತ್ರ ಬೇಡ, ಕುಡುಗೋಲು ಸಾಕು. ಯಂತ್ರದ ಕೆಲಸ ಬರುವುದು ಒಡ್ಡಿನ ಮೇಲಿನ ಜಾಲಿ ತೆಗೆಯುವಾಗ, ಗಾಳಿಗೆ ಬಿದ್ದ ಬೇವಿನ ಮರ ತುಂಡು ಮಾಡುವಾಗ, ಮುದಿ ಮಾವಿನ ಮರದ ಟೊಂಗೆ ಕಡಿಯುವಾಗ, ಬೀಳು ಬಿದ್ದ ಹೊಲದಲ್ಲಿ ಬಳ್ಳಾರಿ ಜಾಲಿ ಸವರುವಾಗ.

ಆದ್ದರಿಂದ ಮೊದಲು ಲೆಕ್ಕ ಹಾಕಿರಿ. ಹೋದ ವರ್ಷ ಎಷ್ಟು ಬಂಡಿ ದಪ್ಪ ಕಟ್ಟಿಗೆ ಕಡಿದಿರಿ? ಎಷ್ಟು ದಿನ ಹಿಡಿಯಿತು? ವರ್ಷಕ್ಕೆ ಮೂರು ನಾಲ್ಕು ದಿನದ ಕೆಲಸವಾದರೆ ಬಾಡಿಗೆಗೆ ಆಳು ಸಹಿತ ಯಂತ್ರ ಕರೆಸುವುದು ಲಾಭ. ಹತ್ತು ಹದಿನೈದು ದಿನದ ಕೆಲಸವಿದ್ದರೆ ಎರಡು ಮೂರು ಮನೆಯವರು ಕೂಡಿ ಒಂದು ಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಸ್ವಂತ ಯಂತ್ರದ ಮಾತು. ಕೃಷಿ ಯಾಂತ್ರೀಕರಣಕ್ಕಾಗಿ ಕೇಂದ್ರ ಸರ್ಕಾರ 2014-15ರಲ್ಲಿ ಆರಂಭಿಸಿದ ಯೋಜನೆಯಡಿ ಹಲವೆಡೆ ಬಾಡಿಗೆ ಯಂತ್ರ ಕೇಂದ್ರಗಳು ಆಗಿವೆ. ನಿಮ್ಮ ಮಂಡಲದ ಕೃಷಿ ಕಛೇರಿಯಲ್ಲಿ ವಿಚಾರಿಸಿರಿ.

ಕೂಡಿ ಕೊಳ್ಳುವವರು ಒಂದು ನಿಯಮ ಮಾಡಿಕೊಳ್ಳಬೇಕು. ಯಂತ್ರ ಒಬ್ಬರ ಜವಾಬ್ದಾರಿಯಲ್ಲಿರಲಿ, ಒಯ್ದವರು ಚೈನು ಹರಿತ ಮಾಡಿ, ಶುಚಿಮಾಡಿ ಹಿಂದಿರುಗಿಸಲಿ. ಅರಸುಗಳ ಎರಡನೆಯ ಗ್ರಂಥದ 6ನೆಯ ಅಧ್ಯಾಯದಲ್ಲಿ ಮರ ಕಡಿಯುತ್ತಿದ್ದವನ ಕೊಡಲಿ ನೀರಿಗೆ ಬಿದ್ದಾಗ ಆತ ಗೋಳಾಡಿದ್ದು ಅದು ಎರವಲು ತಂದ ಕೊಡಲಿ ಎಂಬ ಕಾರಣಕ್ಕೆ. ಪ್ರವಾದಿ ಎಲೀಷ ಅದನ್ನು ತೇಲಿಸಿ ಕೊಟ್ಟರು. ನಮ್ಮ ಯಂತ್ರ ಕೆಟ್ಟರೆ ತೇಲಿಸಿ ಕೊಡುವವರಿಲ್ಲ. ಎರವಲು ತಂದ ವಸ್ತುವಿನ ಬಗ್ಗೆ ಆ ಶಿಷ್ಯನಿಗಿದ್ದ ಕಳವಳವಾದರೂ ನಮಗಿರಲಿ.

ಎಷ್ಟು ದೊಡ್ಡ ಯಂತ್ರ?

ಅಂಗಡಿಗೆ ಹೋದ ಕೂಡಲೇ “ಎಷ್ಟು ಸಿಸಿ?” ಎಂದು ಕೇಳುವುದು ನಮ್ಮ ರೂಢಿ. ಮೋಟಾರ್ ಸೈಕಲ್ ಕೊಂಡ ಅಭ್ಯಾಸ ಅದು. ಆದರೆ ಇಲ್ಲಿ ದೊಡ್ಡದೆಲ್ಲ ಒಳ್ಳೆಯದಲ್ಲ. ಯಂತ್ರವನ್ನು ಕೈಯಲ್ಲಿ ಹಿಡಿದು ಬಗ್ಗಿ ಕೆಲಸ ಮಾಡಬೇಕು. ಒಂದು ಕಿಲೋ ಹೆಚ್ಚಾದರೂ ಒಂದು ಗಂಟೆಯಲ್ಲಿ ತೋಳು ಸೋಲುತ್ತದೆ. ತೋಳು ಸೋತಾಗಲೇ ಅಪಘಾತ.

ನಮ್ಮ ಹೊಲದ ಒಡ್ಡಿನ ಕಟ್ಟಿಗೆ ಹೆಚ್ಚಾಗಿ ತೋಳಿನಿಂದ ತೊಡೆಯ ಗಾತ್ರದವರೆಗಿನದು. ಅದಕ್ಕೆ 30ರಿಂದ 40 ಸಿಸಿಯ, 14 ಅಥವಾ 16 ಅಂಗುಲದ ಬಾರ್ ಇರುವ ಯಂತ್ರ ಸಾಕು. ಉದಾಹರಣೆಗೆ, ಸ್ಟಿಲ್ ಕಂಪನಿಯ ಎಂಎಸ್ 180 ಮಾದರಿ ಸುಮಾರು 32 ಸಿಸಿ. ಹಸ್ಕ್‌ವಾರ್ನಾ ಕಂಪನಿಯ 120 ಮಾದರಿ ಸುಮಾರು 38 ಸಿಸಿ. ಸಿಸಿಯಲ್ಲಿ ವ್ಯತ್ಯಾಸವಿದ್ದರೂ ಎರಡರ ಶಕ್ತಿ ಹೆಚ್ಚು ಕಡಿಮೆ ಒಂದೇ, 1.4 ಕಿಲೋವ್ಯಾಟಿನ ಆಸುಪಾಸು. ಸಿಸಿ ಒಂದನ್ನೇ ನೋಡಿ ಮೋಸ ಹೋಗಬಾರದು ಎಂಬುದಕ್ಕೆ ಇದನ್ನು ಹೇಳಿದೆನೇ ಹೊರತು ಯಾವ ಕಂಪನಿಯ ಜಾಹೀರಾತಿಗಾಗಿಯೂ ಅಲ್ಲ. ಒಣಗಿದ ಜಾಲಿ, ಹುಣಸೆ, ದಪ್ಪ ಬೇವು ಸತತವಾಗಿ ಕೊಯ್ಯುವವರಿಗೆ 45 ಸಿಸಿಯ ಸುತ್ತಿನದು ಬೇಕಾಗಬಹುದು. ಅದಕ್ಕಿಂತ ದೊಡ್ಡದು ಮರದ ವ್ಯಾಪಾರಿಗಳಿಗೆ ಸರಿ, ನಮಗೆ ಹೊರೆ.

ನಮ್ಮ ಸಂತೆಗಳಲ್ಲಿ 58 ಸಿಸಿ, 22 ಅಂಗುಲದ ಬಾರ್ ಎಂದು ಬರೆದ ಯಂತ್ರಗಳು ಹೆಸರಾಂತ ಸಣ್ಣ ಯಂತ್ರದ ಅರ್ಧ ಬೆಲೆಗೇ ಸಿಗುತ್ತವೆ. ನೋಡಲು ಭರ್ಜರಿ. ಆದರೆ ಉದ್ದದ ಬಾರ್ ಎಂದರೆ ಹೊಸಬರ ಕೈಗೆ ಸಿಗದ ತುದಿ. ಕೆಳಗೆ ಹೇಳುವಂತೆ ಅಪಾಯವೆಲ್ಲ ಆ ತುದಿಯಲ್ಲೇ ಇದೆ. ಇನ್ನು ಒಂದೇ ತರಹ ಕಾಣುವ ಎರಡು ಯಂತ್ರಗಳ ಕ್ಲಚ್, ಕಾರ್ಬ್ಯುರೇಟರ್ ಒಂದಕ್ಕೊಂದು ಹೊಂದದಿರುವುದೂ ಉಂಟು. ಅಗ್ಗದ ಯಂತ್ರವೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬಿಡಿಭಾಗ ಸಿಗುವ, ರಿಪೇರಿ ಬಲ್ಲವರಿರುವ ಅಗ್ಗದ ಯಂತ್ರ, ಬಿಡಿಭಾಗ ಸಿಗದ ದುಬಾರಿ ಯಂತ್ರಕ್ಕಿಂತ ಮೇಲು.

ಅಂಗಡಿಯಲ್ಲಿ ಕೇಳಬೇಕಾದದ್ದು

ದುಡ್ಡು ಕೊಡುವ ಮುಂಚೆ ಈ ಮಾತುಗಳನ್ನು ಕೇಳಿರಿ. ನಾಚಿಕೆ ಬೇಡ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವವರು ನಾವು.

1. ಈ ಮಾದರಿಯ ಚೈನು, ಬಾರ್, ಸ್ಪ್ರಾಕೆಟ್, ಕ್ಲಚ್, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ, ಸ್ಪಾರ್ಕ್ ಪ್ಲಗ್ ಈಗ ನಿಮ್ಮ ಅಂಗಡಿಯಲ್ಲಿ ಇವೆಯೇ? “ತರಿಸಿಕೊಡ್ತೀವಿ” ಎಂಬ ಉತ್ತರ ಸಾಲದು. ಕಪಾಟಿನಿಂದ ತೆಗೆದು ತೋರಿಸಲು ಹೇಳಿರಿ.

2. ರಿಪೇರಿ ಮಾಡುವವರು ಎಲ್ಲಿದ್ದಾರೆ? ಜಹೀರಾಬಾದ್, ನಾರಾಯಣಖೇಡ್ ಕಡೆಯವರು ಬೀದರಿಗೂ, ತಾಂಡೂರಿನವರು ಸೇಡಂ, ಕಲಬುರಗಿಗೂ ಹೋಗಿ ಬರುವುದುಂಟು. ಆ ಊರುಗಳಲ್ಲಿಯೂ ವಿಚಾರಿಸಿ ಹೋಲಿಸಿ ನೋಡಿರಿ. ಹೈದರಾಬಾದಿಗೇ ಕಳಿಸಬೇಕೆಂದರೆ ಒಂದು ವಾರದ ಕೆಲಸ ಕೆಟ್ಟಂತೆ.

3. ಈ ಯಂತ್ರವನ್ನು ಎರಡು ವರ್ಷದಿಂದ ಬಳಸುತ್ತಿರುವ ರೈತರ ಊರು ಯಾವುದು? ಹೋಗಿ ಕೇಳಿರಿ. ಅಂಗಡಿಯವರ ಹತ್ತು ಮಾತಿಗಿಂತ ಬಳಸಿದವರ ಒಂದು ಮಾತು ದೊಡ್ಡದು.

4. ಬಿಲ್ಲು, ಗ್ಯಾರಂಟಿ ಕಾರ್ಡು, ಓದಲು ಬರುವ ಭಾಷೆಯ ಕೈಪಿಡಿ ಕೊಡುತ್ತೀರಾ? ಬಿಲ್ಲಿಲ್ಲದೆ ಗ್ಯಾರಂಟಿಯಿಲ್ಲ.

5. ನನ್ನ ಮುಂದೆ ಚಾಲೂ ಮಾಡಿ, ಒಂದು ತುಂಡು ಕೊಯ್ದು, ಬ್ರೇಕ್ ಹಾಕಿ ತೋರಿಸುತ್ತೀರಾ?

ಐದನೆಯದನ್ನು ಎಂದಿಗೂ ಬಿಡಬೇಡಿ. ಆಕ್ಸಿಲರೇಟರ್ ಒತ್ತದೆ ಯಂತ್ರ ಸುಮ್ಮನೆ ಓಡುತ್ತಿರುವಾಗ ಚೈನು ತಿರುಗಬಾರದು. ವೇಗವಾಗಿ ತಿರುಗುತ್ತಿರುವಾಗ ಮುಂದಿನ ರಕ್ಷಾ ಹಿಡಿಕೆಯನ್ನು ಮಣಿಕಟ್ಟಿನಿಂದ ಮುಂದಕ್ಕೆ ತಳ್ಳಿದರೆ ಚೈನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅಲ್ಲೇ ಬಿಟ್ಟು ಬನ್ನಿರಿ. ಇದರ ಜೊತೆಗೆ ಹಿಂದಿನ ಹಿಡಿಕೆಯ ಕೆಳಗೆ ಕೈಗೆ ಅಗಲವಾದ ರಕ್ಷೆ, ಹರಿದ ಚೈನನ್ನು ಹಿಡಿಯುವ ಕೊಕ್ಕೆ, ಅಂಗೈಯಿಂದ ಒತ್ತದೆ ಆಕ್ಸಿಲರೇಟರ್ ಚಲಿಸದಂತೆ ಮಾಡುವ ಲಾಕ್, ಅದುರು ತಡೆಯುವ ರಬ್ಬರ್ ಅಥವಾ ಸ್ಪ್ರಿಂಗ್ ಇವು ಇರಬೇಕು.

ಹಳೆಯದು ಮತ್ತು ಬ್ಯಾಟರಿಯದು

ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರಿಗೆ ಒಂದು ಸುಲಭ ಪರೀಕ್ಷೆ ಇದೆ. ಎಂಜಿನ್ ಆಫ್ ಇರುವಾಗ ಬಾರ್‌ಗೆ ಕವರ್ ಹಾಕಿ, ಸ್ಟಾರ್ಟರ್ ಹಗ್ಗದ ಹಿಡಿಕೆಯನ್ನು ಹಿಡಿದು ಯಂತ್ರವನ್ನು ನೆಲದಿಂದ ಸ್ವಲ್ಪವೇ ಮೇಲೆ ತೂಗಬಿಡಿ. ಯಂತ್ರ ತಡೆದು ತಡೆದು ಇಳಿದರೆ ಎಂಜಿನ್ನಿನಲ್ಲಿ ದಮ್ಮಿದೆ. ಸರ್ರನೆ ಕೆಳಗೆ ಜಾರಿದರೆ ಪಿಸ್ಟನ್ ಸವೆದಿದೆ. ಸ್ಪ್ರಾಕೆಟ್ಟಿನ ಹಲ್ಲಿನಲ್ಲಿ ಆಳವಾದ ಗೀರು ಬಿದ್ದಿದ್ದರೆ, ಬಾರ್‌ನ ಅಂಚು ಹೊರಳಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ.

ಈಗ ಬ್ಯಾಟರಿ ಯಂತ್ರಗಳೂ ಬಂದಿವೆ. ಹೊಗೆಯಿಲ್ಲ, ಸದ್ದು ಕಡಿಮೆ, ಹಗ್ಗ ಎಳೆಯಬೇಕಿಲ್ಲ. ಟೊಂಗೆ ಸವರಲು, ಮನೆಯ ಹಿತ್ತಲಿನ ಕೆಲಸಕ್ಕೆ ಅವು ಒಳ್ಳೆಯವು. ಆದರೆ ಬ್ಯಾಟರಿ ಹಾಳಾದರೆ ಯಂತ್ರದ ಬೆಲೆಯ ದೊಡ್ಡ ಪಾಲು ಹೋದಂತೆ. ಒಣ ಜಾಲಿ ದಿನವಿಡೀ ಕೊಯ್ಯುವ ಕೆಲಸಕ್ಕೆ ಅವು ಆಗವು. ಒಂದೇ ಕೈಯಲ್ಲಿ ಹಿಡಿಯುವ ಆರು ಅಂಗುಲದ ಪುಟ್ಟ ಯಂತ್ರಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಆಟಿಕೆಯಂತೆ ಕಾಣುವುದರಿಂದ ಎಡಗೈಯಲ್ಲಿ ಟೊಂಗೆ ಹಿಡಿದು ಬಲಗೈಯಲ್ಲಿ ಕೊಯ್ಯುತ್ತಾರೆ. ಅವುಗಳಲ್ಲಿ ಅನೇಕಕ್ಕೆ ಬ್ರೇಕ್ ಇಲ್ಲ. ಬೆರಳು ಹೋಗಲು ಒಂದು ಕ್ಷಣ ಸಾಕು. ವಯರ್ ಹಾಕಿ ಓಡಿಸುವ ವಿದ್ಯುತ್ ಯಂತ್ರ ಹೊಲಕ್ಕೆ ಬೇಡವೇ ಬೇಡ.

ಯಂತ್ರದ ಊಟ

ಒಳ್ಳೆಯ ಯಂತ್ರ ಕೊಂಡು ಕೆಟ್ಟ ಊಟ ಹಾಕಿದರೆ ಒಂದು ವರ್ಷವೂ ಬಾಳದು. ಇವು ಟೂ ಸ್ಟ್ರೋಕ್ ಎಂಜಿನ್ನುಗಳು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಲೇಬೇಕು. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ ಟೂಟಿ ಎಣ್ಣೆ. ಅಂದಾಜಿನ ಮೇಲೆ ಸುರಿಯಬೇಡಿ. ಔಷಧದ ಅಂಗಡಿಯ ಸಿರಿಂಜು ಒಂದು ಇಟ್ಟುಕೊಂಡರೆ ಅಳತೆ ಸರಿಯಾಗುತ್ತದೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸೀಳುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಹಳೆಯ ಯಂತ್ರಗಳ ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ನಿಮ್ಮ ಯಂತ್ರ ಎಷ್ಟು ಎಥನಾಲ್ ತಡೆಯುತ್ತದೆ ಎಂದು ಕೊಳ್ಳುವಾಗಲೇ ಕೇಳಿರಿ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ಮಿರಗದ ಮಳೆ ಬೀಳುವ ಮೊದಲು ಕೆಲಸ ಮುಗಿಸಿ ಯಂತ್ರ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಇಡಿ. “ಹೋದ ವರ್ಷ ಚಲೋ ಇತ್ತು, ಈ ವರ್ಷ ಚಾಲೂ ಆಗವಲ್ದು” ಎಂಬ ದೂರಿನ ಕಾರಣ ಬಹಳ ಸಲ ಕಾರ್ಬ್ಯುರೇಟರಿನಲ್ಲಿ ಒಣಗಿ ಅಂಟಿದ ಹಳೆಯ ಪೆಟ್ರೋಲೇ.

ಚೈನಿಗೆ ಬೇರೆ ಎಣ್ಣೆಯ ಟ್ಯಾಂಕ್ ಇರುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಕಪ್ಪು ಎಣ್ಣೆಯನ್ನು ಅದಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಬಿಟ್ಟುಬಿಡಿ. ಅದರಲ್ಲಿನ ಲೋಹದ ಪುಡಿ ಪಂಪನ್ನು ತಿನ್ನುತ್ತದೆ. ಅದು ಸಿಡಿದು ಕೈಗೆ, ಮುಖಕ್ಕೆ ಬೀಳುತ್ತದೆ. ಸುಟ್ಟ ಎಣ್ಣೆ ಬಹುಕಾಲ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರಿಗೂ ದಾರಿಯಾಗಬಹುದು. ಎಣ್ಣೆ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಬಾರ್‌ನ ತುದಿಯನ್ನು ಬಿಳಿ ಕಾಗದದ ಮೇಲೆ, ತಾಗದಂತೆ ಹಿಡಿದು ಎಂಜಿನ್ ಓಡಿಸಿ. ಕಾಗದದ ಮೇಲೆ ಎಣ್ಣೆಯ ಗೆರೆ ಮೂಡಬೇಕು.

ಇನ್ನು ಹರಿತ. ಕೊಡಲಿ ಮೊಂಡಾದರೆ ಹೆಚ್ಚು ಬಲ ಹಾಕಬೇಕಾಗುತ್ತದೆ ಎಂಬ ವಿವೇಕ ಉಪದೇಶಕನ ಗ್ರಂಥದ 10ನೆಯ ಅಧ್ಯಾಯದಲ್ಲಿದೆ. ಚೈನಿಗೂ ಅದೇ ಮಾತು. ಹರಿತವಾದ ಚೈನು ತಾನೇ ಮರದೊಳಗೆ ಇಳಿಯುತ್ತದೆ, ಕಟ್ಟಿಗೆಯ ಚಕ್ಕೆ ಹಾರುತ್ತದೆ. ಮೊಂಡಾದ ಚೈನು ಬರೀ ಹಿಟ್ಟಿನಂತಹ ಪುಡಿ ಉದುರಿಸುತ್ತದೆ. ಪುಡಿ ಕಂಡ ಕೂಡಲೇ ನಿಲ್ಲಿಸಿ ಅರ ಹಿಡಿಯಿರಿ. ಸಣ್ಣ ಯಂತ್ರಗಳ ಚೈನಿಗೆ ಸಾಮಾನ್ಯವಾಗಿ 4 ಮಿಲಿಮೀಟರಿನ ದುಂಡು ಅರ ಬೇಕು. ಪ್ರತಿ ಹಲ್ಲಿಗೂ ಒಂದೇ ಕೋನ, ಒಂದೇ ಎಣಿಕೆ. ಒಂದು ಬದಿಯ ಹಲ್ಲು ಹೆಚ್ಚು ತೇಯ್ದರೆ ಯಂತ್ರ ಓರೆಯಾಗಿ ಕೊಯ್ಯುತ್ತದೆ.

ನಮ್ಮ ಕಡೆ ಚೈನು ಕೆಡಿಸುವ ಶತ್ರುಗಳು ಮೂರು. ಮೊದಲನೆಯದು ಕಲ್ಲು. ತಾಂಡೂರಿನ ಕಡೆ ಮನೆಯಂಗಳವೆಲ್ಲ ಕಲ್ಲಿನ ಚಪ್ಪಡಿ. ಕಟ್ಟಿಗೆಯನ್ನು ಚಪ್ಪಡಿಯ ಮೇಲೆ ಇಟ್ಟು ಕೊಯ್ದರೆ ತುದಿ ಒಂದು ಸಲ ತಾಗಿದರೂ ಚೈನಿನ ಹಲ್ಲೆಲ್ಲ ಹೋದಂತೆ. ಎರಡು ಜೋಡಿ ಮರದ ತುಂಡುಗಳನ್ನು ಕತ್ತರಿಯಾಕಾರದಲ್ಲಿ ಬಿಗಿದು ಸೊಂಟದೆತ್ತರದ ಅಡ್ಡೆ ಮಾಡಿಕೊಳ್ಳಿ. ಬೆನ್ನೂ ಉಳಿಯುತ್ತದೆ, ಚೈನೂ ಉಳಿಯುತ್ತದೆ. ಎರಡನೆಯದು ಮಣ್ಣು ಮೆತ್ತಿದ ಬೇರು, ಬುಡ. ಅದಕ್ಕೆ ಕೊಡಲಿಯೇ ಸರಿ. ಮೂರನೆಯದು ಒಡ್ಡಿನ ಬೇವು, ಜಾಲಿಗಳೊಳಗೆ ಹುದುಗಿಹೋದ ಹಳೆಯ ಮುಳ್ಳುತಂತಿ, ಮೊಳೆ. ತೊಗಟೆಯ ಮೇಲೆ ಗಂಟು, ಕಪ್ಪು ಕಲೆ ಕಂಡರೆ ಆ ಜಾಗ ಬಿಟ್ಟು ಕೊಯ್ಯಿರಿ.

ಮೈ ಕಾಯ್ದುಕೊಳ್ಳುವುದು

ಈಗ ಆರೋಗ್ಯದ ಮಾತು. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಮೈಗೆ ತಾಗಿದ ಮೇಲೆ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸಮಯವೇ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಯಂತ್ರ ಒದೆಯುವುದು. ಬಾರ್‌ನ ತುದಿಯ ಮೇಲ್ಭಾಗ ಮರಕ್ಕೋ ಇನ್ನೊಂದು ಟೊಂಗೆಗೋ ತಾಗಿದರೆ ಇಡೀ ಬಾರ್ ಚಿಮ್ಮಿ ಮುಖ, ಕುತ್ತಿಗೆ, ಭುಜದ ಕಡೆ ಬರುತ್ತದೆ. ಬ್ರೇಕ್ ಇರುವುದು ಈ ಕ್ಷಣಕ್ಕಾಗಿ. ತುದಿಯಿಂದ ಕೊಯ್ಯಬೇಡಿ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಕೆಯನ್ನು ಸುತ್ತಿ ಹಿಡಿದಿರಲಿ. ಬಾರ್‌ನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಭುಜಕ್ಕಿಂತ ಮೇಲೆ ಎತ್ತಿ, ಏಣಿಯ ಮೇಲೆ ನಿಂತು, ಮರ ಹತ್ತಿ ಕೊಯ್ಯಬೇಡಿ. ಚಾಲೂ ಮಾಡುವಾಗ ಯಂತ್ರವನ್ನು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಕೆಯನ್ನು ಬಲಗಾಲಿನಿಂದ ಒತ್ತಿ ಹಗ್ಗ ಎಳೆಯಿರಿ. ಕೈಯಲ್ಲಿ ತೂಗಾಡಿಸಿ ಎಳೆಯುವುದು ಶೂರತನವಲ್ಲ.

ಹೆಚ್ಚು ಗಾಯವಾಗುವುದು ಕಾಲಿಗೆ, ಅದರಲ್ಲೂ ಎಡ ತೊಡೆ, ಮೊಣಕಾಲಿಗೆ. ನಂತರ ಎಡಗೈಗೆ. ಚೈನಿಗೆ ಸಿಕ್ಕಿಕೊಂಡು ಅದನ್ನು ನಿಲ್ಲಿಸುವ ನಾರಿನ ಪದರವಿರುವ ರಕ್ಷಾ ಪ್ಯಾಂಟು ದೊಡ್ಡ ಊರಿನ ಡೀಲರುಗಳಲ್ಲಿ ಸಿಗುತ್ತದೆ. ಯಂತ್ರದ ಬೆಲೆಯ ಜೊತೆಗೇ ಅದನ್ನೂ ಲೆಕ್ಕ ಹಾಕಿರಿ. ಅದು ಕೊಳ್ಳಲಾಗದಿದ್ದರೆ ಆ ಯಂತ್ರವೂ ನಿಮ್ಮ ಅಳತೆಯದಲ್ಲ ಎಂದು ತಿಳಿಯಿರಿ. ಜೀನ್ಸ್ ಪ್ಯಾಂಟು ಚೈನನ್ನು ತಡೆಯುವುದಿಲ್ಲ. ಧೋತರ, ಲುಂಗಿ, ಹೆಗಲ ಮೇಲಿನ ಟವಲು, ಕೊರಳ ಜಪಸರ, ರಬ್ಬರ್ ಚಪ್ಪಲಿ ಯಾವುವೂ ಕೂಡದು. ಜಪಸರವನ್ನು ಜೇಬಿನಲ್ಲಿಟ್ಟುಕೊಳ್ಳಿ. ಬಳ್ಳಾರಿ ಜಾಲಿಯ ಮುಳ್ಳು ಕಣ್ಣಿಗೆ ಚಿಮ್ಮಿದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಕನ್ನಡಕ ಅಥವಾ ಜಾಳಿಗೆಯ ಮುಖವಾಡ ಬೇಕು.

ಕಿವಿಯನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯುವ ಕಿವಿ, 100 ಡೆಸಿಬೆಲ್ ಸದ್ದನ್ನು ಬರೀ ಹದಿನೈದು ನಿಮಿಷ ಮಾತ್ರ ತಡೆಯಬಲ್ಲದು ಎಂಬುದು ತಜ್ಞರ ಲೆಕ್ಕ. ಪೆಟ್ರೋಲ್ ಯಂತ್ರದ ಸದ್ದು 100ನ್ನು ದಾಟುತ್ತದೆ. ಹತ್ತಿ ತುರುಕಿದರೆ ಸಾಲದು, ಕಿವಿಗೆ ಹಾಕುವ ಮಫ್ ಕೊಳ್ಳಿರಿ. ತಾಸುಗಟ್ಟಲೆ ಅದುರು ತಾಗಿದರೆ ಬೆರಳು ಜೋಮು ಹಿಡಿದು, ಚಳಿಯಲ್ಲಿ ಬಿಳಿಚಿಕೊಳ್ಳುವ ರೋಗವೂ ಬರುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಕೈ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಬೆಳಗಿನ ಒಂಬತ್ತು ಹತ್ತರೊಳಗೆ ಕೆಲಸ ಮುಗಿಸಿ. ಒಬ್ಬಂಟಿಯಾಗಿ ಎಂದಿಗೂ ಕೊಯ್ಯಬೇಡಿ. ಜೊತೆಯವರು ಕೂಗಿದರೆ ಕೇಳುವಷ್ಟು ದೂರದಲ್ಲಿರಲಿ. ಮರ ಬೀಳಿಸುವಾಗ ಮಾತ್ರ ಉಳಿದವರೆಲ್ಲ ಮರದ ಎರಡರಷ್ಟು ಎತ್ತರದ ದೂರದಲ್ಲಿರಬೇಕು. ವಿದ್ಯುತ್ ತಂತಿಯ ಹತ್ತಿರದ ಮರವನ್ನು ವಿದ್ಯುತ್ ಇಲಾಖೆಯವರಿಗೆ ತಿಳಿಸದೆ ಮುಟ್ಟಬೇಡಿ.

ಗಾಯವಾದರೆ? ಅರಿಸಿನ, ಕಾಫಿ ಪುಡಿ, ತಂಬಾಕು ತುಂಬಬೇಡಿ. ಶುಚಿಯಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ ತೆಗೆದು ನೋಡಬೇಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ತೆಲಂಗಾಣದಲ್ಲೂ ಕರ್ನಾಟಕದಲ್ಲೂ ಇದೇ ಸಂಖ್ಯೆ. ಕಾಲಿನ ಅಥವಾ ಕೈಯ ರಕ್ತ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಮಾತ್ರ ಗಾಯದ ಮೇಲ್ಭಾಗದಲ್ಲಿ ಅಗಲವಾದ ಬಟ್ಟೆ ಕಟ್ಟಿ, ಕೋಲಿನಿಂದ ತಿರುವಿ ಬಿಗಿದು, ಕಟ್ಟಿದ ಸಮಯವನ್ನು ಬರೆದಿಡಿ. ತಂತಿ, ತೆಳುವಾದ ಹಗ್ಗ ಕಟ್ಟಬಾರದು. ಬೆರಳು ತುಂಡಾಗಿದ್ದರೆ ಒದ್ದೆಯಾದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಜೊತೆಯಲ್ಲೇ ಒಯ್ಯಿರಿ. ಗಾಯ ಸಣ್ಣದಾದರೂ ಧನುರ್ವಾಯುವಿನ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿರಿ.

ಮರದ ಋಣ

ಯಂತ್ರ ಬಂದ ಮೇಲೆ ಕೈ ತುರಿಸುತ್ತದೆ. ಕೊಡಲಿಯಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಮರ ಹತ್ತು ನಿಮಿಷದಲ್ಲಿ ಉರುಳುತ್ತದೆ. ಕೊಡಲಿಯ ಕಾಲದಲ್ಲಿ ದಣಿವೇ ನಮ್ಮನ್ನು ತಡೆಯುತ್ತಿತ್ತು. ಈಗ ನಮ್ಮನ್ನು ನಾವೇ ತಡೆದುಕೊಳ್ಳಬೇಕು. ಸ್ವಂತ ಹೊಲದ ಮರವಾದರೂ ಕಡಿಯುವ ಮುಂಚೆ ಕಾನೂನು ಕೇಳಿರಿ. ಅವಿಭಜಿತ ಆಂಧ್ರ ಪ್ರದೇಶದಲ್ಲಿ 2002ರಲ್ಲಿ ಬಂದ ವಾಲ್ಟಾ ಕಾಯ್ದೆ ತೆಲಂಗಾಣದಲ್ಲಿ ಇಂದೂ ಇದೆ. ಗಡಿಯಾಚೆ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಹೊಲವಿದ್ದವರಿಗೆ ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಉಂಟು, ಕೆಲವಕ್ಕೆ ಇಲ್ಲ. ಹತ್ತಿರದ ಅರಣ್ಯ ಕಛೇರಿಯಲ್ಲಿ ಕೇಳಿ ಕಡಿದರೆ ಆಮೇಲೆ ದಂಡ ತೆರುವ ಪ್ರಸಂಗ ಬಾರದು.

ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕೊಯ್ದು ಬಿಟ್ಟರೆ ಒಂದೇ ಮಳೆಗೆ ಹತ್ತು ಚಿಗುರು ಬರುತ್ತದೆ. ಹೊಲ ಶುದ್ಧವಾಗಬೇಕಾದರೆ ಬುಡವನ್ನು ಅಗೆದು ತೆಗೆಯಬೇಕು. ಆದರೆ ಬೇವು, ಹುಣಸೆ, ಹೊಂಗೆಯ ವಿಷಯ ಬೇರೆ. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಬರೆದ “ಲೌದಾತೊ ಸಿ” ವಿಶ್ವಪತ್ರದಲ್ಲಿ ಈ ಭೂಮಿ ನಮ್ಮೆಲ್ಲರ ಮನೆಯೆಂದು ತಿಳಿದು ನಡೆಯಲು ಕಲಿಸಿದ್ದಾರೆ. ಒಂದು ಮರ ಕೊಯ್ದ ಮನೆಯವರು ಮಳೆಗಾಲದಲ್ಲಿ ಎರಡು ಸಸಿ ನೆಟ್ಟು, ಎರಡು ಬೇಸಿಗೆ ನೀರು ಹಾಕಲಿ.

ಕೊಯ್ದ ಕಟ್ಟಿಗೆಯನ್ನು ಹಸಿಯಾಗಿ ಒಲೆಗೆ ಹಾಕಬೇಡಿ. ಹಸಿ ಕಟ್ಟಿಗೆಯ ಹೊಗೆಯನ್ನು ಕುಡಿಯುವವರು ನಮ್ಮ ತಾಯಂದಿರು, ಮಡಿಲಲ್ಲಿರುವ ಕೂಸುಗಳು. ಕೆಮ್ಮು, ದಮ್ಮು, ಕಣ್ಣುರಿಗೆ ಅದೇ ಮೂಲ. ಹಸಿಯಿದ್ದಾಗ ಕೊಯ್ಯುವುದು ಸುಲಭ. ಆದ್ದರಿಂದ ತೊಗರಿ ರಾಶಿ ಮುಗಿದ ಮೇಲೆ, ಜನವರಿ ಫೆಬ್ರವರಿಯಲ್ಲೇ ಕೊಯ್ದು, ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಒಟ್ಟಿ, ಬೇಸಿಗೆಯೆಲ್ಲ ಒಣಗಿಸಿ, ಮಳೆಗೆ ಮುನ್ನ ಮೇಲೆ ಹೊದಿಕೆ ಹಾಕಿರಿ. ಯಂತ್ರದಿಂದ ಮನೆಯ ಹೆಣ್ಣುಮಕ್ಕಳಿಗೂ ಲಾಭವಾಗುವುದು ಆಗಲೇ.

ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಇಬ್ಬರು ನೆರೆಯವರು ಕಟ್ಟಿಗೆ ಕಡಿಯಲು ಕಾಡಿಗೆ ಹೋದಾಗ ಒಬ್ಬನ ಕೊಡಲಿ ಕಾವಿನಿಂದ ಕಳಚಿ ಹಾರಿ ಇನ್ನೊಬ್ಬ ಸಾಯುತ್ತಾನೆ. ಬೇಕೆಂದು ಮಾಡಿದ ಕೊಲೆಯಲ್ಲವಾದ್ದರಿಂದ ಅವನಿಗೆ ಆಶ್ರಯ ಕೊಡಬೇಕೆಂಬುದು ಅಲ್ಲಿನ ನಿಯಮ. ಆದರೆ ಸತ್ತವನು ಮರಳಿ ಬರಲಿಲ್ಲ. ಕೊಡಲಿಯ ಕಾವು ಬಿಗಿಯಾಗಿದೆಯೇ ಎಂದು ನೋಡಿಕೊಳ್ಳುವುದು ಬೆಳಗಿನ ಪ್ರಾರ್ಥನೆಯಷ್ಟೇ ಮುಖ್ಯ ಎಂದು ಆ ಭಾಗ ಓದಿದಾಗಲೆಲ್ಲ ನನಗೆ ಅನಿಸುತ್ತದೆ. ಇಂದಿನ ಕಾವು ಎಂದರೆ ಆ ಬ್ರೇಕಿನ ಹಿಡಿಕೆ.

ದೇವಾಲಯದ ಅಂಗಳದಲ್ಲಿ ಪ್ರಶ್ನೆ ಕೇಳಿದ ರೈತರು ಮೊನ್ನೆ ಮತ್ತೆ ಸಿಕ್ಕರು. ಲೆಕ್ಕ ಹಾಕಿ ನೋಡಿದರಂತೆ. ಹೋದ ವರ್ಷ ಅವರು ಕೊಯ್ದದ್ದು ನಾಲ್ಕು ಬಂಡಿ, ಐದು ದಿನದ ಕೆಲಸ. ಈಗ ನೆರೆಯ ಎರಡು ಮನೆಯವರೊಡನೆ ಕೂಡಿ, ಬಿಡಿಭಾಗ ತೋರಿಸಿದ ಅಂಗಡಿಯಲ್ಲಿ ಒಂದು ಸಣ್ಣ ಯಂತ್ರ, ಅದರ ಜೊತೆ ಒಂದು ರಕ್ಷಾ ಪ್ಯಾಂಟು ಕೊಳ್ಳಲು ನಿಶ್ಚಯಿಸಿದ್ದಾರೆ. “ಬ್ರೇಕ್ ಹಾಕಿ ನೋಡಿದಿರಾ?” ಎಂದು ಕೇಳಿದೆ. ಉತ್ತರ ಕೊಟ್ಟವರು ತಮ್ಮ: “ನಾನೇ ಹಾಕಿ ನೋಡೀನ್ರಿ. ಮೂರು ಸಲ.”

ಕೈಕೆಲಸದಿಂದ ಪವಿತ್ರ ಕುಟುಂಬವನ್ನು ಸಲಹಿದ ಸಂತ ಜೋಸೆಫರು ನಮ್ಮ ಕೈಕಾಲುಗಳನ್ನೂ, ನಮ್ಮ ಹೊಲದ ಮರಗಳನ್ನೂ ಕಾಯಲಿ.